ಗೌಡನ ಮದುವೆ ಮತ್ತು ಪ್ಲಗ್ಗಿನ ಮರೆ

ಪರರ ಮನೆಗೆ ಹೋದಾಗ ಸುಮ್ಮನೆ ಕೂತಿರಲಾರದವರನ್ನು ಕಂಡರೆ ನನಗೆ ಕಳ್ಳರಿಗಿಂತ ಹೆಚ್ಚು ಭಯ. ಕಳ್ಳ ತನಗೆ ಬೇಕಾದ್ದನ್ನು ಎತ್ತಿಕೊಂಡು ಹೋಗುತ್ತಾನೆ, ಉಳಿದದ್ದು ನೆಟ್ಟಗಿರುತ್ತದೆ. ಇವರು ಏನನ್ನೂ ಒಯ್ಯುವುದಿಲ್ಲ. ಇದ್ದದ್ದನ್ನೆಲ್ಲ ರಿಪೇರಿ ಮಾಡಿ ಹೋಗುತ್ತಾರೆ. ನನ್ನ ಮಾವನವರು ಒಮ್ಮೆ ಮನೆಗೆ ಬಂದವರು ಗೋಡೆ ಗಡಿಯಾರ ನಿಧಾನವಾಗಿದೆಯೆಂದು ಕೀ ಕೊಟ್ಟು ಕೊಟ್ಟು ಸ್ಪ್ರಿಂಗನ್ನು ತುಂಡು ಮಾಡಿದರು. ಆಮೇಲೆ, ಅಳಿಯಂದಿರು ಅಗ್ಗದ ಗಡಿಯಾರ ಕೊಂಡು ಮೋಸಹೋಗಿದ್ದಾರೆ ಎಂದು ಮರುಗಿ ಊರಿಗೆ ಹೋದರು. ಅಂದಿನಿಂದ ನಮ್ಮ ಮನೆಯಲ್ಲಿ ಮೈಸೂರಿನ ರೈಲು ಕೂಗಿದಾಗ ಊಟ. ರೈಲು ತಡವಾದ ದಿನ ಹಸಿವೂ ತಡವಾಗಬೇಕು.

ಮಾವನವರ ಮಾತು ಬಿಡಿ, ಹೆಣ್ಣು ಕೊಟ್ಟವರು. ನಾನು ಹೇಳಹೊರಟದ್ದು ಬೆಸಗರಹಳ್ಳಿಯ ನಿಂಗೇಗೌಡನ ವಿಷಯ. ಆಗ ಯುದ್ಧದ ಕಾಲ. ನಾನು ಮದ್ದೂರಿನಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್. ಹಳ್ಳಿ ಹಳ್ಳಿ ತಿರುಗಿ ಸಿಡುಬಿನ ದಾಕು ಹಾಕಿಸುವುದು ನನ್ನ ಕೆಲಸ. ಇದಕ್ಕಾಗಿ, ಸೀಮೆಗೆ ಹೊರಟಿದ್ದ ಒಬ್ಬ ಬಿಳಿಯ ದೊರೆಯಿಂದ ಹಳೆಯ ಮೋಟಾರ್ ಸೈಕಲ್ಲೊಂದನ್ನು ಕೊಂಡಿದ್ದೆ. ಅದರ ಸದ್ದು ನನಗಿಂತ ಬಹಳ ಮುಂಚೆಯೇ ಊರು ಮುಟ್ಟುತ್ತಿತ್ತು. ನಾನು ಹೋಗುವ ಹೊತ್ತಿಗೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕಬ್ಬಿನ ಗದ್ದೆ ಸೇರಿರುತ್ತಿದ್ದರು. ಬೈಸಿಕಲ್ಲಿನ ಕಾಲದಲ್ಲಿ ನಾನು ಹೆಚ್ಚು ಜನಕ್ಕೆ ದಾಕು ಹಾಕಿಸಿದ್ದೆ ಎಂಬ ಸತ್ಯವನ್ನು ಮೇಲಧಿಕಾರಿಗಳಿಗೆ ತಿಳಿಸಲು ಹೋಗಲಿಲ್ಲ.

ನಿಂಗೇಗೌಡ ನನ್ನ ಸ್ನೇಹಿತ. ಆಲೆಮನೆಯಲ್ಲಿ ಕುದಿಯುವ ಕೊಪ್ಪರಿಗೆಯನ್ನು ಒಬ್ಬನೇ ಜರುಗಿಸುವ ಆಳು. ಅವನಿಗೆ ಮಳವಳ್ಳಿಯ ಹೆಣ್ಣು ಗೊತ್ತಾಯಿತು, ಮದುವೆಯೂ ಅಲ್ಲೇ. ಮನೆಯವರೆಲ್ಲ ಹಿಂದಿನ ದಿನವೇ ಗಾಡಿ ಕಟ್ಟಿಕೊಂಡು ಹೋದರು. ಗೌಡ ಮಾತ್ರ ನನ್ನ ಮೋಟಾರ್ ಸೈಕಲ್ಲಿನಲ್ಲೇ ಚಪ್ಪರದ ಮುಂದೆ ಇಳಿಯುವೆನೆಂದು ಹಟ ಹಿಡಿದ. ನನಗೆ ಇಲಾಖೆಯ ಪೆಟ್ರೋಲು ಸಿಗುತ್ತಿತ್ತು; ಅದಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಆಗಿನ ಬಸ್ಸು ಹತ್ತಿದರೆ ಮೈಗೆಲ್ಲ ಮಸಿ ಮೆತ್ತಿ, ಮದುಮಗ ಯಾರು ಕ್ಲೀನರ್ ಯಾರು ಎಂದು ಹೆಣ್ಣಿಗೆ ಗುರುತು ಸಿಗುವುದಿಲ್ಲ ಎಂಬುದು ಅವನ ವಾದ.

ಮದುವೆಯ ಬೆಳಿಗ್ಗೆ ಜರಿಪೇಟ ಸುತ್ತಿ ನಮ್ಮ ಮನೆಗೆ ಬಂದ. ನಾನು ಕಾಫಿ ಕುಡಿದು ಹೊರಗೆ ಬರುವಷ್ಟರಲ್ಲಿ ಸ್ಪ್ಯಾನರು ಹಿಡಿದು ಇಂಜಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು ಯಾಕೋ ಸಡಿಲವಾಗಿ ಕಂಡಿತಂತೆ.

“ಬಿಗಿ ಮಾಡಿವ್ನಿ. ಇನ್ನ ಅಲ್ಲಾಡಾಕಿಲ್ಲ ಬುಡಿ” ಎಂದ.

ನಿಜಕ್ಕೂ ಅಲ್ಲಾಡಲಿಲ್ಲ. ನಾನು ಒದ್ದು ಸ್ಟಾರ್ಟ್ ಮಾಡಿದ ಕೂಡಲೇ, ಸ್ವಲ್ಪವೂ ಅಲ್ಲಾಡದೆ, ನೇರವಾಗಿ ಹಾರಿಹೋಗಿ ತುಳಸಿಕಟ್ಟೆಗೆ ಬಡಿಯಿತು.

ಇಬ್ಬರೂ ಗಾಡಿಯನ್ನು ಬಾಷಾ ಸಾಬರ ಅಂಗಡಿಗೆ ತಳ್ಳಿದೆವು. ಸಾಬರು ಸೈಕಲ್ಲು, ಗ್ರಾಮಫೋನು, ಬಾವಿಯ ರಾಟೆ, ಏನು ತಂದರೂ ಒಲ್ಲೆ ಎಂದವರಲ್ಲ. ಅವರು ತೂತಿನೊಳಗೆ ಬೆರಳಿಟ್ಟು ತಿರುಗಿಸಿ, “ಮರೆ ಓಗದೆ” ಎಂದರು. ಏನೋ ಮರೆತುಹೋಗಿದೆ ಎಂದುಕೊಂಡು ನಾನು ಅವರಿಗೆ ನೆನಪು ಮಾಡಿಕೊಳ್ಳಲು ಅವಕಾಶ ಕೊಟ್ಟು ಕಾದೆ. ತಿರುಪಿನ ಸುತ್ತುಗಳಿಗೆ ಅವರ ಕಸುಬಿನಲ್ಲಿ ಮರೆ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಇಂಜಿನ್ನಿನ ತಲೆ ಮೆತ್ತನೆಯ ಅಲ್ಯೂಮಿನಿಯಂ, ಪ್ಲಗ್ಗು ಉಕ್ಕು, ಕೈ ಗೌಡನದು. ತೂತಿನೊಳಗಿನ ಸುತ್ತುಗಳೆಲ್ಲ ಪುಡಿಯಾಗಿ ಉದುರಿದ್ದವು. ತೂತನ್ನು ಅಗಲ ಮಾಡಿ, ಹೊಸ ಮರೆ ಕೊರೆದು, ಒಳಗೊಂದು ಬಳೆಯಂಥ ಹಿತ್ತಾಳೆ ಬುಷ್ಷು ಕೂರಿಸಬೇಕು, ಅದಕ್ಕೆ ಲೋಹ ಕಡೆಯುವ ಲೇತು ಬೇಕು, ಲೇತು ಮಂಡ್ಯದಲ್ಲಿದೆ. ಮುಹೂರ್ತವಾದರೋ ಮಳವಳ್ಳಿಯಲ್ಲಿ, ಮಧ್ಯಾಹ್ನಕ್ಕೆ ಮುಂಚೆ.

ಸಾಬರು ತಾಮ್ರದ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿ ತೂತಿನೊಳಗೆ ಇಳಿಸಿ, ಅದರ ಮೇಲೆ ಪ್ಲಗ್ಗನ್ನು ಮೆಲ್ಲಗೆ ತಿರುಗಿಸಿ ಕೂರಿಸಿದರು. ಮಳವಳ್ಳಿಯವರೆಗೂ ನಿಲ್ಲುತ್ತದೆಯೇ ಎಂದು ಕೇಳಿದೆ.

“ನಿಲ್ತದೆ ಅಂತ ನಾನ್ ಏಳ್ಬೌದು ಸ್ವಾಮಿ. ಅದು ಕೇಳ್ಬೇಕಲ್ಲ” ಎಂದರು.

ಅದು ಕೇಳದೆ ಹೋದರೆ ಇರಲೆಂದು, ಅಂಗಡಿಯ ಮುಂದೆ ಎತ್ತಿನ ಗಾಡಿ ನಿಲ್ಲಿಸಿದ್ದ ಪರಿಚಯದವನ ಎತ್ತಿನ ಕೊರಳಿಂದ ಗೆಜ್ಜೆಪಟ್ಟಿಯನ್ನು ಬಿಚ್ಚಿಸಿ ತಂದರು. ತೊಗಲಿನ ಪಟ್ಟಿ, ಸಾಲಾಗಿ ಹಿತ್ತಾಳೆ ಗೆಜ್ಜೆ. ಒಂದು ತುದಿಯನ್ನು ಮೋಟಾರ್ ಸೈಕಲ್ಲಿನ ಕಂಬಿಗೆ ಕಟ್ಟಿ, ಪ್ಲಗ್ಗಿನ ತಲೆಯ ಮೇಲೆ ಹಾಯಿಸಿ, ಇನ್ನೊಂದು ತುದಿಯನ್ನು ಹಿಂದೆ ಕೂತ ಗೌಡನ ಕೈಗೆ ಕೊಟ್ಟರು. ಊರು ಸೇರುವವರೆಗೂ ಜಗ್ಗಿ ಹಿಡಿದಿರಬೇಕು, ಬಿಟ್ಟರೆ ಮದುವೆ ಹೋಯಿತು ಎಂದು ಎಚ್ಚರಿಸಿದರು.

ಘಲ್ ಘಲ್ ಎನ್ನುತ್ತ ಹೊರಟೆವು. ಬಿಸಿಲೇರಿತು. ಗೌಡನ ಕೈ ಬೆವರಿ ಪಟ್ಟಿ ನೆನೆಯಿತು, ಒಂದು ಗೆಜ್ಜೆ ಪ್ಲಗ್ಗಿನ ತುದಿಗೆ ತಾಗಿತು. ಅಲ್ಲಿಂದ ಮುಂದೆ ಇಂಜಿನ್ನಿನ ಒಂದೊಂದು ಕಿಡಿಯಲ್ಲೂ ಗೌಡನಿಗೆ ಪಾಲು ಸಿಕ್ಕಿತು. ಹಿಂದಿನಿಂದ “ಆಯ್, ಆಯ್” ಎಂದು ಕೇಳುತ್ತಿತ್ತು. ಮದುವೆಯ ಸಡಗರ ಎಂದು ತಿಳಿದು ನಾನೂ ಉತ್ಸಾಹದಿಂದ ವೇಗ ಹೆಚ್ಚಿಸಿದೆ. ಕೈ ಬಿಟ್ಟರೆ ಮುಹೂರ್ತ ತಪ್ಪುತ್ತದೆಂದು ಅವನು ಹಲ್ಲು ಕಚ್ಚಿ ಹಿಡಿದೇ ಇದ್ದ. ಪ್ರೇಮಕ್ಕಾಗಿ ಜನ ಏನೇನೋ ಸಹಿಸಿದ್ದಾರೆಂದು ಕೇಳಿದ್ದೇನೆ. ಆದರೆ ಇನ್ನೂ ಮುಖವನ್ನೇ ಸರಿಯಾಗಿ ನೋಡದ ಹೆಣ್ಣಿಗಾಗಿ ಇಷ್ಟು ಮೈಲಿ ಕರೆಂಟು ಹೊಡೆಸಿಕೊಂಡವನನ್ನು ನಾನು ಬೇರೆ ಕಂಡಿಲ್ಲ.

ಮಳವಳ್ಳಿಯಲ್ಲಿ ವಾಲಗ ಊದಿ ಇಳಿಸಿಕೊಂಡರು. ಗೌಡ ಇಳಿದ, ನಡುಕ ಇಳಿಯಲಿಲ್ಲ. ಹಸೆಮಣೆಯ ಮೇಲೆ ಕೂತಾಗ ಅವನ ಬಲಗೈ ತನ್ನಷ್ಟಕ್ಕೆ ತಾನೇ ಎಗರಿ ಪುರೋಹಿತರ ಮುಖಕ್ಕೆ ಅಕ್ಷತೆ ಎರಚಿತು. ಎರಡನೆಯ ಸಲ ಎರಚಿದಾಗ ಹೆಣ್ಣಿನ ಸೋದರಮಾವ ಪುಟ್ಟಸ್ವಾಮಿಗೌಡರು ಎದ್ದು ನಿಂತರು. ವಾಲಗ ನಿಲ್ಲಿಸಿದರು.

“ಇದು ಮಲರೋಗ, ಮೂರ್ಚೆ ಬರಾ ಕಾಯ್ಲೆ. ನಮ್ ಮಗೀನ ಇವನ್ಗೆ ಕೊಡಾಕಿಲ್ಲ” ಎಂದರು.

ಗೌಡನ ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ಗೌಡ ಏನೋ ಹೇಳಹೋದ, ಹಲ್ಲು ಕಟಕಟಿಸಿ ಮಾತು ಹೊರಡಲಿಲ್ಲ; ಅನುಮಾನ ಗಟ್ಟಿಯಾಯಿತು. ನಾನು ಮುಂದೆ ಬಂದು, ಇದು ರೋಗವಲ್ಲ, ಮೋಟಾರ್ ಸೈಕಲ್ಲಿನ ಕರೆಂಟು ಎಂದು ವಿವರಿಸಿದೆ. ಪುಟ್ಟಸ್ವಾಮಿಗೌಡರು ನನ್ನನ್ನು ಕನಿಕರದಿಂದ ನೋಡಿದರು.

“ಕರೆಂಟು ಬರಾದು ಸಿವನಸಮುದ್ರದಾಗೆ ನೀರ್ ಬಿದ್ದು. ನಮ್ಮೂರ್ ಪಕ್ಕದ್ದು ನಮ್ಗೆ ಗೊತ್ತಿಲ್ವಾ? ಪೆಟ್ರೋಲ್‌ನಾಗೆ ಎಲ್ಲಿಂದ ಬತ್ತದೆ?”

ನನಗೂ ಆ ಸಂಶಯ ಮೊದಲಿನಿಂದ ಇತ್ತು. ಹಾಗಾದರೆ ಪಟ್ಟಿಯನ್ನು ನೀವೇ ಹಿಡಿದು ನೋಡಿ ಎಂದೆ. ಮದುವೆಗೆ ಬಂದವರೆಲ್ಲ ಮೋಟಾರ್ ಸೈಕಲ್ಲಿನ ಸುತ್ತ ಸೇರಿದರು. ಪುಟ್ಟಸ್ವಾಮಿಗೌಡರು ಒದ್ದೆ ಪಟ್ಟಿಯನ್ನು ಎತ್ತಿನ ಮೂಗುದಾರದಂತೆ ಹಿಡಿದು ನಿಂತರು. ನಾನು ಗಾಡಿಯನ್ನು ಒದ್ದೆ.

ಇಂಜಿನ್ನು ಶುರುವಾಯಿತು, ಗೌಡರೂ ಶುರುವಾದರು. ಪೇಟ ಬಿತ್ತು, ಗೆಜ್ಜೆ ಕುಣಿಯಿತು. “ಬುಡ್ಸ್ರಲಾ” ಎಂದು ಒಂದು ಮಾತು ಕೇಳಿಸಿತು. ಅಷ್ಟರಲ್ಲಿ ಪಟ್ಟಿ ಜಾರಿತು. ಪ್ಲಗ್ಗು ತಾಮ್ರದ ತಂತಿಯ ಸಮೇತ ಜನರ ತಲೆಯ ಮೇಲಿಂದ ಹಾರಿ ಅಡುಗೆಯವರ ಸಾರಿನ ಕೊಪ್ಪರಿಗೆಯಲ್ಲಿ ಮುಳುಗಿತು. ಅಡುಗೆಯವನು ಸೌಟಿನಿಂದ ಒಮ್ಮೆ ತಿರುವಿ ಮುಚ್ಚಳ ಹಾಕಿದ.

ಸತ್ಯ ರುಜುವಾಯಿತು, ಆದರೆ ಅದನ್ನು ಒಪ್ಪಿಕೊಳ್ಳಬೇಕಾದವರಿಗೆ ಬಾಯಿ ಬರುತ್ತಿರಲಿಲ್ಲ. ಆಗ ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ ಮದುಮಗಳು ಜಯಮ್ಮ ತಲೆಯೆತ್ತಿದಳು.

“ಮಾಮ್ನೂ ನಡುಗ್ತಾವ್ರೆ. ಯಾರ್ಗೆ ರೋಗ ಅಂತ ಆಮೇಲ್ ನೋಡ್ಕಳನ. ಮೂರ್ತ ಮೀರ್ತದೆ, ತಾಳಿ ಕಟ್ಸಿ.”

ವಾಲಗದವರು ಮತ್ತೆ ಊದಿದರು. ತಾಳಿ ಕಟ್ಟುವಾಗ ಗೌಡನ ಮಣಿಕಟ್ಟನ್ನು ಅವಳೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಡುಕ ಅಲ್ಲಿಗೆ ನಿಂತಿತು.

ಸಾರು ಬಡಿಸಿ ಮುಗಿದ ಮೇಲೆ ಪ್ಲಗ್ಗು ತಳದಲ್ಲಿ ಸಿಕ್ಕಿತು. ಮೋಟಾರ್ ಸೈಕಲ್ಲು ಎತ್ತಿನ ಗಾಡಿ ಹತ್ತಿ ಮಂಡ್ಯಕ್ಕೆ ಹೋಯಿತು. ಸಾಬರು ಲೇತಿನವನ ಬೆನ್ನಿಗೇ ನಿಂತು, ತೂತು ಅಗಲಿಸಿ, ಎಣ್ಣೆ ಬಿಟ್ಟು ಹೊಸ ಮರೆ ಕೊರೆಸಿ, ಬುಷ್ಷನ್ನು ತಿರುಗಿಸಿ ಇಳಿಸಿ, ಅದು ಮತ್ತೆ ತಿರುಗದಂತೆ ಅಂಚಿಗೊಂದು ಸಣ್ಣ ಮೊಳೆ ಬಡಿಸಿದರು. ಪ್ಲಗ್ಗು ಒಳ್ಳೆಯ ಮನೆಗೆ ಸೇರಿದ ಸೊಸೆಯಂತೆ ಕೂತಿತು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಪುಟ್ಟಸ್ವಾಮಿಗೌಡರಿಗೆ ಬಹಳ ಕಾಲದಿಂದ ಹಿಡಿದುಕೊಂಡಿದ್ದ ಭುಜ ಅಂದಿನಿಂದ ಸಲೀಸಾಗಿ ಆಡತೊಡಗಿತಂತೆ. ಸುದ್ದಿ ಹಬ್ಬಿತು. ಕೀಲುನೋವಿನ ಮುದುಕರು ಗಾಡಿ ಮಾಡಿಕೊಂಡು ನಮ್ಮ ಮನೆಗೆ ಬಂದು, ಪಟ್ಟಿ ಹಿಡಿಸಿ ಎಂದು ಜಗಲಿಯ ಮೇಲೆ ಕೂತರು. ಇಲಾಖೆಯವನಾಗಿ ಇಂಥದ್ದಕ್ಕೆಲ್ಲ ಒಪ್ಪಲಾರೆ ಎಂದೆ. ನೋವು ಬರಿಸುವ ದಾಕಾದರೆ ಮನೆ ಬಾಗಿಲಿಗೆ ತರುತ್ತಾರೆ, ನೋವು ಕಳೆಯುವುದನ್ನು ಮಾತ್ರ ಬಚ್ಚಿಡುತ್ತಾರೆ ಎಂದು ಬೈದುಕೊಂಡು ಎದ್ದುಹೋದರು.

ಎಷ್ಟೇ ಆಗಲಿ, ಅಷ್ಟು ಜನ ನಂಬಿದ್ದರಲ್ಲಿ ಏನಾದರೂ ಇರಬೇಕು ಎನಿಸಿತು. ಆ ತಿಂಗಳು ನನಗೂ ಸೊಂಟ ಹಿಡಿದಿತ್ತು. ಒಂದು ಮಧ್ಯಾಹ್ನ ಹೆಂಡತಿ ಮಲಗಿದ್ದಾಗ ಸಾಬರನ್ನು ಕರೆಸಿ, ಗಾಡಿ ಒದೆಯಲು ಹೇಳಿ, ಪ್ಲಗ್ಗಿನ ತಂತಿ ಹಿಡಿದೆ. ನನ್ನ ಕೂಗಿಗೆ ಹೆಂಡತಿ ಎದ್ದು ಬಂದಳು. ವಿಷಯ ಕೇಳಿ, ಸೊಂಟ ಈಗ ಹೇಗಿದೆ ಎಂದಳು. ಕರೆಂಟು ಹೊಡೆಸಿಕೊಂಡೂ ವಾಸಿಯಾಗಿಲ್ಲ ಎಂದರೆ ನಗುತ್ತಾಳೆಂದು, ಪೂರ್ತಿ ವಾಸಿಯಾಯಿತು ಎಂದೆ. ಅವಳಿಗೆ ಬಹಳ ಸಂತೋಷವಾಯಿತು. ಮರುದಿನದಿಂದ ಮನೆಗೆಲ್ಲ ನೀರು ಸೇದುವ ಕೆಲಸ ನನ್ನದಾಯಿತು.