ಟೀಚರಮ್ಮನ ಜೇಡ

ಜೇಡಗಳಿಗೆ ಹೆಸರಿಡುವುದು ನನ್ನ ಕೆಲಸ. ಇದನ್ನು ಯಾರ ಹತ್ತಿರವಾದರೂ ಬಾಯಿಬಿಟ್ಟೆನೋ, ಆ ದಿನ ಒಂದಲ್ಲ ಒಂದು ಗ್ರಹಚಾರ ಕಾದಿರುತ್ತದೆ. ಮದುವೆ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಕೇಳುತ್ತಾರೆ, "ಏನ್ ಮಾಡ್ಕೊಂಡಿದೀರಿ?" ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳ್ತೀನಿ, ಯಾರೂ ಗುರುತಿಸದ ಜೇಡ ಸಿಕ್ಕಿದರೆ ವಿವರ ಬರೆದು ಹೆಸರಿಡ್ತೀನಿ ಅನ್ನುತ್ತೇನೆ. ಅವರು ಒಬ್ಬಟ್ಟು ಮುರಿಯುತ್ತಾ ಸ್ವಲ್ಪ ಹೊತ್ತು ಯೋಚಿಸಿ, "ಅದು ಬಿಟ್ರೆ?" ಅನ್ನುತ್ತಾರೆ.

ಸರ್ವೆ

ಬೋಗಾದಿಯಲ್ಲಿ ನಮ್ಮ ಬಾಡಿಗೆ ಮನೆಯ ಹಿಂದೆ ಒಂದು ಖಾಲಿ ಸೈಟಿತ್ತು. ಪಾರ್ಥೇನಿಯಂ ಎದೆಮಟ್ಟ ಬೆಳೆದಿತ್ತು, ಗಿಡಕ್ಕೊಂದು ಜೇಡರಬಲೆ. ಒಂದು ಭಾನುವಾರ ಬೆಳಿಗ್ಗೆ ಟೇಪು, ಚಿಮಟ, ಸಣ್ಣ ಸೀಸೆಗಳನ್ನು ಹಿಡಿದು ಒಳಗೆ ನುಗ್ಗಿದೆ. ಬಲೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸ್ಕೂಟರೊಂದು ಬಂದು ನಿಂತಿತು. ಇಳಿದವರು ಸೈಟಿನ ಮಾಲೀಕರು. ಹಿಂದೆ ಅಲ್ಲೆಲ್ಲ ಅವರಪ್ಪನ ರಾಗಿ ಹೊಲ ಇತ್ತಂತೆ.

"ನಮ್ದು ಎಷ್ಟಡಿ ಹೋಯ್ತದೆ ಸಾ?"

"ಎಲ್ಲಿಗೆ ಹೋಗುತ್ತೆ?"

"ರಸ್ತೆಗೆ."

"ಅಯ್ಯೋ, ನಾನು ಜೇಡ ನೋಡ್ತಿದ್ದೀನಿ ಕಣ್ರೀ."

ಅವರು ಟೇಪು ನೋಡಿದರು, ನನ್ನ ಪುಸ್ತಕದಲ್ಲಿದ್ದ ಅಳತೆಗಳನ್ನು ನೋಡಿದರು, ಆಮೇಲೆ ದನಿ ತಗ್ಗಿಸಿದರು. "ಗೊತ್ತಾಯ್ತು ಬುಡಿ ಸಾ. ಆರ್ಡರ್ ಬರೋಗಂಟ ನೀವು ಬಾಯ್ಬುಡಂಗಿಲ್ಲ."

ಅರ್ಧ ಗಂಟೆಯಲ್ಲಿ ಎಳನೀರು ಬಂತು. ಎಳನೀರಿನ ಹಿಂದೆ ಪಕ್ಕದ ಸೈಟಿನವರು ಖಾತೆಯ ಜೆರಾಕ್ಸ್ ಹಿಡಿದು ಬಂದರು. ಇನ್ನು ಮಾತಿನಿಂದ ಪ್ರಯೋಜನವಿಲ್ಲ ಎಂದು ಸೀಸೆ ಎತ್ತಿ ಒಳಗಿದ್ದ ಜೇಡ ತೋರಿಸಿದೆ. ಇಬ್ಬರೂ ಬಗ್ಗಿ ಬಹಳ ಗೌರವದಿಂದ ನೋಡಿದರು. "ಈಗ ಇಂಗೆಲ್ಲಾ ಮಾಡ್ತಾರಾ ಸಾ ಸರ್ವೆ?" ಎಂದರು.

ವಾರದೊಳಗೆ ಎರಡೂ ಸೈಟಿಗೆ ಜೆಸಿಬಿ ಇಳಿದು, ನೆಲ ಸಪಾಟಾಗಿ, ಸುತ್ತ ಕಲ್ಲುಕಂಬದ ಬೇಲಿ ಎದ್ದಿತು. ನಾನು ಅಳೆದ ಬಲೆಗಳಲ್ಲಿ ಒಂದೂ ಉಳಿಯಲಿಲ್ಲ. ಮಾಲೀಕರು ಮಾತ್ರ ಇವತ್ತಿಗೂ ಎದುರು ಸಿಕ್ಕಿದರೆ ಸ್ಕೂಟರ್ ನಿಲ್ಲಿಸಿ ಕೈಮುಗಿಯುತ್ತಾರೆ, ಆ ರಸ್ತೆ ತಪ್ಪಿಸಿದ ಪುಣ್ಯಾತ್ಮ ನಾನೇ ಅಂತ.

ಪೂರ್ತಿ ಉತ್ತರ

ಮೇಲ್ಗಡೆ ನಾವು, ಕೆಳಗಡೆ ಮನೆಯ ಮಾಲೀಕರು. ಅವರು ನಿವೃತ್ತ ಶಿಕ್ಷಕಿ, ಇಡೀ ಬಡಾವಣೆಗೆ ಟೀಚರಮ್ಮ. ಭಾನುವಾರ ಚರ್ಚು, ಶನಿವಾರ ಜೇಡರಬಲೆ ಹೊಡೆಯುವುದು. ಎರಡನ್ನೂ ಒಂದು ವಾರವೂ ತಪ್ಪಿಸಿದವರಲ್ಲ.

ಅಂಥ ಒಂದು ಶನಿವಾರ ಬಚ್ಚಲುಮನೆಯ ಹೊರಗೋಡೆಯ ಬಿರುಕಿನಲ್ಲಿ ಉದ್ದಿನಕಾಳಿನಷ್ಟು ದಪ್ಪದ ಕಂದು ಜೇಡವೊಂದು ಕಣ್ಣಿಗೆ ಬಿತ್ತು. ಅಂಥದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಟೀಚರಮ್ಮನ ಉದ್ದ ಪೊರಕೆ ಆಗಲೇ ಮೇಲೆದ್ದಿತ್ತು. ನಾನು ಮೆಟ್ಟಿಲಿಂದ ಓಡಿ ಬಂದು ಅಡ್ಡ ನಿಂತೆ.

"ಅದು ಮೈಮೇಲೆ ಹರಿದ್ರೆ ಹುಣ್ಣೇಳುತ್ತೆ ಕಣ್ರೀ," ಎಂದರು.

"ಅದು ಬಿರುಕು ಬಿಟ್ಟು ಆಚೆಗೇ ಬರೋಲ್ಲ ಟೀಚರಮ್ಮ. ಈ ಗೋಡೆ ಒಂದು ನನಗೆ ಬಿಟ್ಕೊಡಿ."

ಬಿಟ್ಟುಕೊಟ್ಟರು. ನಾನು ಒಂದು ವರ್ಷ ಅದನ್ನು ಗೊತ್ತಿರುವ ಜೇಡಗಳ ಜೊತೆಗೆಲ್ಲ ಹೋಲಿಸಿ, ಯಾವುದಕ್ಕೂ ತಾಳೆಯಾಗದಿದ್ದಾಗ ಕೆಳಗೆ ಓಡಿದೆ. "ಟೀಚರಮ್ಮ, ಹೊಸ ಪ್ರಭೇದ!"

"ಹೊಸದು ಅಂತ ಹೇಗೆ ಗೊತ್ತಾಯ್ತು?"

"ಸೂಕ್ಷ್ಮದರ್ಶಕದಲ್ಲಿ ಹೊಟ್ಟೆಯ ಕೆಳಭಾಗ ನೋಡಿದಾಗ..."

"ಕೆಳಭಾಗ ಅಂದ್ರೆ?"

"ಅಂದ್ರೆ, ಹೆಣ್ಣು ಜೇಡದ್ದು..."

"ಪೂರ್ತಿ ಉತ್ತರ ಹೇಳಿ."

ಹೇಳಿದೆ. ಹೊರಗೆ ಒಂದೇ ತರಹ ಕಂಡರೂ ಜನನಾಂಗದ ಆಕಾರ ಪ್ರಭೇದಕ್ಕೊಂದು ತರಹ, ನಮ್ಮಲ್ಲಿ ತೀರ್ಮಾನವಾಗುವುದು ಅದನ್ನು ನೋಡಿಯೇ ಎಂದು ನೆಲ ನೋಡುತ್ತಾ ಒಪ್ಪಿಸಿದೆ.

"ವರ್ಷವೆಲ್ಲ ಅದನ್ನೇ ನೋಡ್ತಾ ಕೂತಿದ್ರಾ?"

"ಹೌದು."

ಸಂಜೆ ನನ್ನ ಹೆಂಡತಿ ಯೋಚನೆಯಲ್ಲಿ ಮೇಲೆ ಬಂದಳು. "ಟೀಚರಮ್ಮ ಯಾಕೋ ನನ್ನ ಕೈ ಹಿಡ್ಕೊಂಡು, ಸಂಸಾರದಲ್ಲಿ ಏನಾದ್ರೂ ಕಷ್ಟ ಇದ್ರೆ ಮುಚ್ಚಿಡಬೇಡ ಕಣಮ್ಮ ಅಂದ್ರು. ಏನ್ರೀ ಹೇಳಿದ್ರಿ ಅವರಿಗೆ?"

ಹುಲಿ ಗಿಲಿ

ಹೊಸ ಪ್ರಭೇದಕ್ಕೆ ಸ್ವಂತ ಹೆಸರಿಟ್ಟುಕೊಳ್ಳುವುದು ನಮ್ಮಲ್ಲಿ ನಾಚಿಕೆಗೇಡು. ಬೇರೆಯವರ ಹೆಸರಿಡಬಹುದು. ಈ ವಿಷಯ ನಮ್ಮ ವಿಭಾಗದ ಮುಖ್ಯಸ್ಥರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮೂರು ದಿನ ನನಗೆ ತಾವೇ ಕಾಫಿ ತರಿಸಿಕೊಟ್ಟರು. ನಾಲ್ಕನೆಯ ದಿನ, "ಹೆಸರಿನ ವಿಚಾರ ನಿಮಗೆ ಬಿಟ್ಟಿದ್ದು. ಹಿರಿಯರನ್ನ ನೆನೆಸ್ಕೊಳ್ಳೋ ಸಂಪ್ರದಾಯ ಇದೆ ಅಂತ ಎಲ್ಲೋ ಓದಿದ್ದೆ," ಎಂದರು.

ನಾನು ಜೇಡದ ದೊಡ್ಡ ಚಿತ್ರ ಮೇಜಿನ ಮೇಲೆ ಹರಡಿದೆ. ಎಂಟು ಕಣ್ಣು, ಮೈತುಂಬ ಕೂದಲು, ಊದಿಕೊಂಡ ಹೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಕನ್ನಡಕ ತೆಗೆದು ತಮ್ಮ ಹೊಟ್ಟೆಯನ್ನು ಒಂದು ಸಲ ನೋಡಿಕೊಂಡರು.

"ಬೇಡ ಬಿಡಿ. ಮುಂದೆ ಹುಲಿ ಗಿಲಿ ಸಿಕ್ಕಿದ್ರೆ ಹೇಳಿ."

ಕೇಕಿನ ಡಬ್ಬಿ

ಗೋಡೆ ಕೊಟ್ಟವರು ಟೀಚರಮ್ಮ, ಆದ್ದರಿಂದ ಹೆಸರೂ ಅವರದೇ ಎಂದು ತೀರ್ಮಾನಿಸಿದೆ. ಅವರ ಹೆಸರಿಗೆ ಲ್ಯಾಟಿನ್ನಿನ ಬಾಲ ಅಂಟಿಸಿ ಪ್ರಕಟಿಸಿದೆ. ನನ್ನ ಹತ್ತಿರ ಇದ್ದದ್ದು ಹೆಣ್ಣು ಜೇಡ ಮಾತ್ರ, ಗಂಡು ಸಿಕ್ಕಿರಲಿಲ್ಲ. ಹಾಗೆ ಒಂದನ್ನೇ ನೋಡಿ ಹೆಸರಿಡುವುದು ನಮ್ಮಲ್ಲಿ ನಡೆಯುತ್ತದೆ, ನಡೆಯಬಾರದು ಅಷ್ಟೇ.

ಟೀಚರಮ್ಮ ಆ ಪ್ರಬಂಧದ ಮೊದಲ ಪುಟಕ್ಕೆ ಗಾಜಿನ ಕಟ್ಟು ಹಾಕಿಸಿ, ನಡುಮನೆಯಲ್ಲಿ ಏಸುವಿನ ಪಟದ ಕೆಳಗೆ, ತೀರಿಹೋದ ಯಜಮಾನರ ಫೋಟೋದ ಮೇಲೆ ತೂಗುಹಾಕಿದರು. ಇನ್ನೊಂದು ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿ ಪ್ರತಿ ಭಾನುವಾರ ಚರ್ಚಿಗೆ ಹೋಗಿಬರುತ್ತಿತ್ತು. ಹಾಲಿನವನಿಗೂ ಓದಿ ಹೇಳಿದ್ದರು. "ನಾಳೆ ನಾನು ಹೋದ್ರೂ ಇದು ಇರುತ್ತೆ," ಅನ್ನುವಾಗ ಅವರ ಮುಖ ನೋಡಿ ನನಗೂ ಸಂತೋಷವಾಗುತ್ತಿತ್ತು.

ಇದನ್ನು ಸಹಿಸದವರು ಒಬ್ಬರೇ. ಲಷ್ಕರ್ ಮೊಹಲ್ಲಾದಲ್ಲಿದ್ದ ಅವರ ಅಕ್ಕ. ಕ್ರಿಸ್‌ಮಸ್ಸಿಗೆ ನಮಗೊಂದು ಕೇಕಿನ ಡಬ್ಬಿ ಕಳಿಸಿದರು. ಹೆಂಡತಿ ಆಸೆಯಿಂದ ಮುಚ್ಚಳ ತೆಗೆದು ಕಿರುಚಿದಳು. ಒಳಗೆ ಹತ್ತಾರು ಮನೆಜೇಡಗಳು, ಜೊತೆಗೊಂದು ಚೀಟಿ: "ಇವುಗಳಲ್ಲಿ ಯಾವುದಾದರೂ ಒಂದಕ್ಕೆ ನನ್ನ ಹೆಸರಿಡುವುದು. ತಂಗಿಯದಕ್ಕಿಂತ ದೊಡ್ಡದಿರಲಿ."

ಎರಡು ಪ್ರಬಂಧ

ಮೂರು ವರ್ಷವಾದ ಮೇಲೆ ಅದೇ ಬಿರುಕಿನಲ್ಲಿ, ಟೀಚರಮ್ಮನ ಜೇಡದ ಜೊತೆ ಒಂದು ಗಂಡು ಕೂಡಿದ್ದು ಕಂಡಿತು. ಎಳ್ಳಿನಷ್ಟು ಸಣ್ಣದು, ಬಣ್ಣವೇ ಬೇರೆ. ಕುಣಿದಾಡುತ್ತಾ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಹಳೆಯ ಪುಸ್ತಕದ ಚಿತ್ರವೊಂದಕ್ಕೆ ಗೆರೆಗೆರೆಯೂ ತಾಳೆಯಾಯಿತು. ಆ ಗಂಡಿಗೆ ನೂರು ವರ್ಷದ ಹಿಂದೆಯೇ ಯಾರೋ ಬ್ರಿಟಿಷ್ ದೊರೆ ಹೆಸರಿಟ್ಟು ಹೋಗಿದ್ದ. ಅವನಿಗೆ ಹೆಣ್ಣು ಸಿಕ್ಕಿರಲಿಲ್ಲ, ನನಗೆ ಗಂಡು ಸಿಕ್ಕಿರಲಿಲ್ಲ. ಇಬ್ಬರೂ ಸೇರಿ ಒಂದೇ ಜೇಡಕ್ಕೆ ಎರಡು ಹೆಸರಿಟ್ಟಿದ್ದೆವು. ನಮ್ಮ ನಿಯಮ ಕಟ್ಟುನಿಟ್ಟು: ಮೊದಲಿನ ಹೆಸರೇ ಉಳಿಯಬೇಕು, ಎರಡನೆಯದು ಅಳಿಯಬೇಕು. ಅಂದರೆ ಟೀಚರಮ್ಮನದು.

ಹೆಂಡತಿ ಕೇಳಿದಳು, "ಸುಮ್ನಿದ್ಬಿಡಿ. ಈ ಜೇಡ ನೋಡೋರು ಪ್ರಪಂಚದಲ್ಲಿ ಎಷ್ಟು ಜನ?"

"ಆರು ಜನ ಇರಬಹುದು."

"ಟೀಚರಮ್ಮನ ಮುಖ ದಿನಾ ನೋಡಬೇಕಾದೋರು ನಾವು."

ಮಾತೇನೋ ನಿಜವೇ. ಆದರೆ ತಪ್ಪು ಗೊತ್ತಾದ ಮೇಲೂ ಮುಚ್ಚಿಟ್ಟುಕೊಂಡರೆ ನಿದ್ದೆ ಬರುವುದಿಲ್ಲ, ನನ್ನ ಹಣೆಬರಹ. ತಿದ್ದುಪಡಿ ಬರೆದು ಕಳಿಸಿದೆ, ಪ್ರಕಟವೂ ಆಯಿತು. ಮುಖ್ಯಸ್ಥರು ಬೆನ್ನು ತಟ್ಟಿದರು. "ಭೇಷ್. ಹುಟ್ಟಿಸಿದ್ದಕ್ಕೊಂದು ಪ್ರಬಂಧ, ಸಾಯಿಸಿದ್ದಕ್ಕೊಂದು. ವರ್ಷದ ಕೊನೆಗೆ ಇನ್ನೊಂದ್ಸಲ ಬದುಕಿಸೋಕೆ ಆಗುತ್ತಾ ನೋಡಿ."

ಉಳಿದದ್ದು ಕೆಳಗಡೆ ಹೋಗಿ ಹೇಳುವುದು. ಒಂದು ವಾರ ಮೆಟ್ಟಿಲು ಇಳಿಯುವಾಗಲೆಲ್ಲ ಫೋನಿನಲ್ಲಿ ಮಾತಾಡುವಂತೆ ನಟಿಸಿದೆ. ಕೊನೆಗೆ ಭಾನುವಾರ ಮಧ್ಯಾಹ್ನ ಧೈರ್ಯ ಮಾಡಿ ಬಾಗಿಲು ತಟ್ಟಿದರೆ, ನನ್ನ ಪುಣ್ಯಕ್ಕೆ ಲಷ್ಕರ್ ಮೊಹಲ್ಲಾದ ಅಕ್ಕ ಊಟಕ್ಕೆ ಬಂದು ಕೂತಿದ್ದರು. ಹಿಂದೆ ಸರಿಯುವಂತಿರಲಿಲ್ಲ. ಪೂರ್ತಿ ಉತ್ತರ ಹೇಳಿದೆ. ನಿಮ್ಮ ಜೇಡ ಬೇರೆ ಪ್ರಭೇದ ಅಲ್ಲ ಟೀಚರಮ್ಮ, ಆ ದೊರೆ ಹೆಸರಿಟ್ಟ ಜೇಡದ ಹೆಣ್ಣು, ಇನ್ನು ಮುಂದೆ ಎರಡಕ್ಕೂ ಅವನಿಟ್ಟ ಹೆಸರೇ, ತಪ್ಪು ನನ್ನದು, ಕ್ಷಮಿಸಿ ಎಂದೆ.

 ಟೀಚರಮ್ಮ ಗೋಡೆಯ ಮೇಲಿನ ಕಟ್ಟನ್ನೇ ನೋಡುತ್ತಿದ್ದರು.  ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೊದಲು ಬಾಯಿಬಿಟ್ಟವರು ಅಕ್ಕ. ಅವರಿಗೆ ಬಹಳ ಸಮಾಧಾನವಾಗಿತ್ತು.

"ಅದಕ್ಕ್ಯಾಕೆ ಇಷ್ಟು ದುಃಖ? ಗಂಡ ಸಿಕ್ಕಿದ, ಗಂಡನ ಹೆಸರು ಬಂತು. ನನಗೂ ಹಂಗೇ ಅಲ್ವಾ ಆಗಿದ್ದು. ಹೆಣ್ಣಾಗಿ ಹುಟ್ಟಿದ ಮೇಲೆ ಎಲ್ಲಾರ್ಗೂ ಹಂಗೇ."

ಟೀಚರಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸ್ಕೊಳ್ಳಿ ಅಂತ ಹೆಡ್‌ಮಾಸ್ತರು ಹೇಳಿದ್ರು, ನಮ್ಮತ್ತೆ ಹೇಳಿದ್ರು, ಫಾದರ್ ಕರೆಸಿ ಹೇಳಿದ್ರು. ರಿಟೈರ್ ಆಗೋವರೆಗೂ ನಾನು ಸೇರಿಸ್ಲಿಲ್ಲ ಕಣ್ರೀ. ನನ್ನ ಹೆಸರಿಟ್ಕೊಂಡು, ಈ ಜೇಡಕ್ಕೇನು ಬಂದಿತ್ತು ಧಾಡಿ?"