ಚಿಗವ್ವನ ಮೂಗಿನ ಪಿಚಕಾರಿ

ಬೀಳಗಿಯಲ್ಲಿ ಒಂದು ಕಾಲಕ್ಕೆ, ಗಡಿಯಾರ ನೋಡಿ ಮನೆ ಬಿಡುವವರಿಗಿಂತ ನಮ್ಮ ಚಿಗವ್ವನ ಸೀನು ಎಣಿಸಿ ಮನೆ ಬಿಡುವವರೇ ಹೆಚ್ಚಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ಬೇಡ ಬಿಡಿ. ಅವಳ ಸೀನು ಕೇಳದವರು ನಂಬಿ ಆಗಬೇಕಾದ್ದು ಏನೂ ಇಲ್ಲ. ಕೇಳಿದವರಿಗೆ ನಾನು ಹೇಳಬೇಕಾದ್ದೂ ಇಲ್ಲ!

ಚಿಗವ್ವ ಎಂದರೆ ನಮ್ಮವ್ವನ ತಂಗಿ. ಅವರ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಅವಳೂ ಅವಳ ಗಂಡ ನಮ್ಮ ಕಾಕಾನೂ ಬೀಳಗಿಗೆ ಬಂದು ಹಿಟ್ಟಿನ ಗಿರಣಿ ಹಾಕಿದರು. ಯಂತ್ರ ನೋಡಿಕೊಳ್ಳುವುದು ಕಾಕಾನ ಕೆಲಸ, ಜನರನ್ನು ನೋಡಿಕೊಳ್ಳುವುದು ಚಿಗವ್ವನ ಕೆಲಸ. ಗಿರಣಿ ತಿರುಗುವಾಗ ಅದರ ಸದ್ದಿನಲ್ಲಿ ಕಾಕಾನ ಮಾತು ಕೇಳುತ್ತಿರಲಿಲ್ಲ. ಗಿರಣಿ ನಿಂತ ಮೇಲೆ ಚಿಗವ್ವನ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಹೀಗಾಗಿ ಕಾಕಾ ಮಾತಾಡುವುದನ್ನೇ ಬಿಟ್ಟುಬಿಟ್ಟಿದ್ದರು.

ಹಿಟ್ಟಿನ ಧೂಳಿಗೆ ಚಿಗವ್ವನಿಗೆ ಸೀನು ಅಂಟಿಕೊಂಡಿತು. ಅವಳದು ಒಂದು ಸೀನಲ್ಲ, ಸೀನಿನ ಸಾಲು. ಸುರುವಾಗುವ ಮುಂಚೆ ಬಲಗೈ ಮೇಲೆತ್ತಿ ಎಲ್ಲರನ್ನೂ ಸುಮ್ಮನಾಗಿಸುತ್ತಿದ್ದಳು. ಆಮೇಲೆ ಹನ್ನೆರಡಕ್ಕೆ ಕಡಿಮೆ ಎಂದೂ ಇಲ್ಲ! ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎನ್ನುವ ಓಣಿ ಅದು. ಮನೆ ಬಿಟ್ಟವರು ಹೊಸ್ತಿಲಲ್ಲಿ ನಿಂತು ಎಣಿಸುವರು. ಸರಿಸಂಖ್ಯೆಗೆ ನಿಂತರೆ ಹೊರಟರು. ಬೆಸಕ್ಕೆ ನಿಂತರೆ ಚಪ್ಪಲಿ ಬಿಚ್ಚಿ ಒಳಗೆ ಹೋಗಿ ಒಂದು ತಂಬಿಗೆ ನೀರು ಕುಡಿದು ಮತ್ತೆ ಬಂದರು. ಗಿರಣಿಯ ಎದುರು ಮನೆಯ ಮಾಸ್ತರರು ಒಮ್ಮೆ ಶಾಲೆಗೆ ತಡವಾಗಿ ಹೋಗಿ, "ಇವತ್ತ ಹದಿಮೂರಕ್ಕ ನಿಂತಿತ್ತರಿ ಸರ್" ಎಂದು ಹೆಡ್‌ಮಾಸ್ತರರಿಗೆ ಕಾರಣ ಕೊಟ್ಟರಂತೆ. ಹೆಡ್‌ಮಾಸ್ತರರು ಒಪ್ಪಿಕೊಂಡರಂತೆ!

ಮುಧೋಳದಲ್ಲಿ ನೆಂಟರ ಮದುವೆಯೊಂದರಲ್ಲಂತೂ ಈ ಸೀನು ಮುಹೂರ್ತವನ್ನೇ ಹಿಡಿದು ನಿಲ್ಲಿಸಿತು. ಎಲ್ಲರ ಕೈಯಲ್ಲಿ ಅಕ್ಷತೆ, ಅಯ್ಯನವರ ಬಾಯಲ್ಲಿ ಮಂತ್ರ. ಆ ಹೊತ್ತಿಗೆ ಮುಖದ ತುಂಬ ಪೌಡರು ಬಳಿದುಕೊಂಡ ಹೆಂಗಸೊಬ್ಬಳು ಚಿಗವ್ವನ ಪಕ್ಕಕ್ಕೆ ಬಂದು ನಿಂತಳು. ಬಲಗೈ ಮೇಲೆದ್ದಿತು. ಅಯ್ಯನವರು ನಿಂತರು, ವಾಲಗ ನಿಂತಿತು. ಜನ ಬಾಯಿಬಿಟ್ಟು ಎಣಿಸತೊಡಗಿದರು. ಹದಿನೈದು... ಹದಿನಾರು... ಹದಿನೇಳು. ಅಲ್ಲಿಗೆ ಬಂದ್!

ಮದುಮಗನ ಸೋದರಮಾವ ಓಡಿ ಬಂದು ಕೈಮುಗಿದರು.

"ಯವ್ವಾ, ಇನ್ನೊಂದ ಸೀನವ್ವಾ. ಹಿಂಗ ಬೆಸಕ್ಕ ನಿಲ್ಲಿಸಬ್ಯಾಡ."

"ಬರವಲ್ದೋ ಯಪ್ಪಾ! ಅದೇನ ನನ್ನ ಕೈಯಾಗ ಐತೇನು?"

ಕೊನೆಗೆ ಹಿಂದಿನ ಸಾಲಿನ ಅಜ್ಜನೊಬ್ಬ ಸೊಂಟದಿಂದ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಕೊಟ್ಟ. ಬೇಕಾಗಿದ್ದದ್ದು ಒಂದು, ಬಂದದ್ದು ಹನ್ನೊಂದು! ಪುಣ್ಯಕ್ಕೆ ಹದಿನೇಳೂ ಹನ್ನೊಂದೂ ಕೂಡಿ ಇಪ್ಪತ್ತೆಂಟಕ್ಕೆ ಸರಿಯಾಗಿ ನಿಂತಿತು. ಅಕ್ಷತೆಗಳು ಅರ್ಧ ಮದುಮಕ್ಕಳ ಮೇಲೆ, ಅರ್ಧ ಚಿಗವ್ವನ ಮೇಲೆ ಬಿದ್ದವು. ಮುಂದೆ ಆ ಜೋಡಿಗೆ ಅವಳಿ ಮಕ್ಕಳಾದವು. ಅದೂ ತನ್ನ ಸರಿಸಂಖ್ಯೆಯ ಫಲವೇ ಎಂದು ಚಿಗವ್ವ ಇವತ್ತಿಗೂ ಹೇಳುತ್ತಾಳೆ.

ನಗುವ ಮಾತು ನಗುವವರಿಗೆ. ಸೀನಿ ಸೀನಿ ಅವಳ ಕಣ್ಣು ಕೆಂಪಾಗಿ, ಮೂಗು ಕಟ್ಟಿ, ಬಾಯಿ ತೆರೆದೇ ಮಲಗುವಂತಾಗಿತ್ತು. ಬೀಳಗಿಯ ಡಾಕ್ಟರೊಬ್ಬರು, "ಗಿರಣಿ ಬಿಟ್ಟು ಮನ್ಯಾಗ ಕುಂದರ್ರಿ" ಎಂದಿದ್ದರು. ಚಿಗವ್ವ ಮನೆಯಲ್ಲಿ ಕೂತರೆ ಬೀಳಗಿಯ ಸುದ್ದಿಗಳ ಗತಿ ಏನು? ಜೋಳದ ಡಬ್ಬಿ ತಂದವರೆಲ್ಲ ಅವಳಿಗೆ ತಮ್ಮ ಮನೆಯ ವಿಷಯ ಹೇಳಿ ಹಗುರಾಗಿ ಹೋಗುವವರು. ಅವಳು ಆ ಡಾಕ್ಟರರ ಕಡೆ ಮತ್ತೆ ತಲೆ ಹಾಕಲಿಲ್ಲ. ನಾನು ಆಗ ಜಮಖಂಡಿಯಲ್ಲಿ ಶಿಕ್ಷಕಿಯಾಗಿದ್ದೆ. ಅವಳನ್ನು ಎಳೆದುಕೊಂಡೇ ಅಲ್ಲಿನ ಮೂಗಿನ ಡಾಕ್ಟರರ ಬಳಿಗೆ ಹೋದೆ.

ಡಾಕ್ಟರು ಮೂಗಿನೊಳಗೆ ದೀಪ ಬಿಟ್ಟು ನೋಡಿದರು. "ವಾಸನಿ ಬರ್ತೈತೇನ್ರಿ ಅವ್ವಾರ?"

"ಅದು ಹೋಗಿ ವರ್ಷಗಟ್ಟಲೆ ಆತರಿ. ಆದ್ರ ಅಡಚಣಿ ಏನಿಲ್ಲರಿ. ಗಿರಣಿ ಬಾಜೂಕ ಗಟಾರ ಐತಿ, ಛಲೋನ ಆಗೇತಿ!"

"ಧೂಳಿನ ಅಲರ್ಜಿರಿ ಇದು. ಒಳಗ ಬಾವು ಬಂದೈತಿ."

"ಗಿರಣಿ ಬಿಡಬೇಕೇನ್ರಿ?" ಎಂದಳು ಚಿಗವ್ವ. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲೇ ಇಲ್ಲ.

"ಸದ್ಯಾಕ ಬ್ಯಾಡ. ಗಿರಣ್ಯಾಗ ಇದ್ದಾಗ ಮೂಗಿಗೆ ಬಟ್ಟಿ ಕಟ್ಕೋರಿ. ಈ ಸ್ಪ್ರೇ ದಿನಾ ಮುಂಜಾನೆ ಒಂದೊಂದ ಹೊಳ್ಳಿಗೆ ಎರಡೆರಡ ಸಲ ಹೊಡ್ಕೋರಿ. ಒಂದೆರಡ ವಾರ ಹೋಗೂತನಾ ಗುಣ ಕಾಣಂಗಿಲ್ಲ. ಸೀನು ಬರಲಿ, ಬರದಿರಲಿ, ಬಿಡೂ ಹಂಗಿಲ್ಲ."

"ಸೀನು ಬರದಿದ್ರೂ?"

"ಬರದಿದ್ರೂ."

ಹಸಿವಿಲ್ಲದವರನ್ನು ಊಟಕ್ಕೆ ಎಬ್ಬಿಸುವ ಇವನೆಂಥ ಡಾಕ್ಟರ ಎನ್ನುವಂತೆ ಚಿಗವ್ವ ನನ್ನ ಮುಖ ನೋಡಿದಳು. ಅವರು ಪಾಠ ಮುಂದುವರಿಸಿದರು. ಬಾಟಲಿ ಅಲುಗಾಡಿಸಬೇಕು. ತಲೆ ಹಿಂದಕ್ಕಲ್ಲ, ತುಸು ಮುಂದಕ್ಕೆ ಬಗ್ಗಿಸಬೇಕು. ಔಷಧ ನಡುವಿನ ಗೋಡೆಗೆ ಬಡಿಯದಂತೆ ಕಿವಿಯ ಕಡೆ ಮುಖ ಮಾಡಿ ಹೊಡೆಯಬೇಕು.

"ಔಷಧ ಮೂಗಿಗೋ ಕಿವಿಗೋ ಡಾಕ್ಟರ್ರ?"

"ಮೂಗಿಗೆರಿ. ಎಡಮೂಗಿಗೆ ಬಲಗೈಲೆ, ಬಲಮೂಗಿಗೆ ಎಡಗೈಲೆ ಹೊಡದ್ರ ಸರಿಯಾಗಿ ಕೂಡ್ತೈತಿ."

ಅಲ್ಲಿಗೆ ಚಿಗವ್ವ ಎದ್ದೇ ನಿಂತಳು. "ಎಡಗೈಲೆ ಔಷಧಾ? ಅದೂ ಮುಂಜಮುಂಜಾನೆ? ನೀವ ಹೊಡ್ಕೋತೀರೇನ್ರಿ?" ಡಾಕ್ಟರು ಹೊಡೆದುಕೊಂಡು ತೋರಿಸುವ ಸ್ಥಿತಿಗೆ ಬಂದಿದ್ದರು. ಕೊನೆಗೆ ನಾನೇ ಒಂದು ಉಪಾಯ ಹುಡುಕಿದೆ: ಎಡಗೈಯನ್ನು ಸಾಬೂನು ಹಚ್ಚಿ ತೊಳೆದು, ಬಲಗೈಯಿಂದ ಅದರ ಮಣಿಕಟ್ಟು ಹಿಡಿದುಕೊಳ್ಳುವುದು. ಆಗ ಹೊಡೆದದ್ದು ಬಲಗೈ, ಎಡಗೈ ಬರೀ ಸಹಾಯಕ್ಕೆ ಬಂದದ್ದು ಎಂದಾಯಿತು. ಇದು ಚಿಗವ್ವನಿಗೆ ಒಪ್ಪಿಗೆಯಾಯಿತು.

ಸ್ಪ್ರೇ ಎಂಬ ಹೆಸರು ಅವಳ ನಾಲಿಗೆಗೆ ಹತ್ತಲಿಲ್ಲ. "ಪಿಚಕಾರಿ" ಎಂದೇ ಕರೆದಳು. ಅದರ ಸ್ಥಾನ ದೇವರ ಜಗುಲಿಯ ಮೇಲೆ. ನಿತ್ಯ ಸ್ನಾನವಾದ ಮೇಲೆ ಲಿಂಗಪೂಜೆ, ಆಮೇಲೆ ತನಗೆ ವಿಭೂತಿ, ಔಷಧ ಕೈಕೊಡಬಾರದೆಂದು ಬಾಟಲಿಗೂ ವಿಭೂತಿ! ನಾಲ್ಕನೆಯ ದಿನಕ್ಕೆ ಬಾಟಲಿಯ ತೂತು ಕಟ್ಟಿಕೊಂಡು ಎಷ್ಟು ಒತ್ತಿದರೂ ಹನಿ ಬರಲಿಲ್ಲ. ಕಾಕಾ ಅದರ ಮೂತಿ ಬಿಚ್ಚಿ ಬೆಚ್ಚಗಿನ ನೀರಿನಲ್ಲಿ ತೊಳೆದು ಕೊಟ್ಟರು. ಮರುದಿನದಿಂದ ವಿಭೂತಿ ಬಾಟಲಿಯ ಬುಡಕ್ಕೆ ಬಂತು. ಪೂರ್ತಿ ಬಿಡಲು ಚಿಗವ್ವ ತಯಾರಿರಲಿಲ್ಲ.

ಪಿಚಕಾರಿಯ ಹೊತ್ತು ಮುಂಜಾನೆ ಏಳು ಎಂದರೆ ಏಳೇ. ಡಾಕ್ಟರಿಗೆ ಮತ್ತೊಮ್ಮೆ ತೋರಿಸಲು ಮೊದಲ ಬಸ್ಸಿಗೆ ಜಮಖಂಡಿಗೆ ಹೊರಟ ದಿನ ಏಳು ಗಂಟೆ ಬಸ್ಸಿನಲ್ಲೇ ಆಯಿತು. ಹಿಂದಿನ ದಿನ ಬೀಳಗಿಗೆ ಹೋಗಿದ್ದ ನಾನು ಪಕ್ಕದಲ್ಲೇ ಕೂತಿದ್ದೆ.

"ಬಾಟ್ಲಿ ಅಲುಗಾಡಿಸಲಿಲ್ಲಲ್ಲ ಚಿಗವ್ವಾ?"

"ಈ ಬಸ್ಸು ಅಲುಗಾಡಿಸಿದ್ದಕ್ಕಿಂತ ನಾ ಏನ ಹೆಚ್ಚ ಅಲುಗಾಡಿಸಲಿ?"

ತಲೆ ಮುಂದಕ್ಕೆ ಬಗ್ಗಿಸಿದಳು. ಮಣಿಕಟ್ಟು ಹಿಡಿದಳು. ಅದೇ ಹೊತ್ತಿಗೆ ಬಸ್ಸು ಒಂದು ತೆಗ್ಗಿಗೆ ಇಳಿಯಿತು, ಟಿಕೀಟಿಗೆಂದು ಬಗ್ಗಿದ್ದ ಕಂಡಕ್ಟರನ ಕಣ್ಣಿಗೆ ಪಿಚಕಾರಿ ಹಾರಿತು.

"ಏನವ್ವಾ, ಹೋಳಿ ಹುಣ್ಣಿವಿ ಇನ್ನೂ ದೂರ ಐತಲ್ಲ! ಟಿಕೀಟ್ ಕೇಳಿದ್ರ ಮಾರಿಗೆ ಹೊಡೀತೀಯೇನು?"

"ಜಮಖಂಡಿ ಡಾಕ್ಟರ ಬರದುಕೊಟ್ಟ ಔಷಧಾ ಅದು. ಪುಕ್ಕಟ ಸಿಕ್ಕೈತಿ, ಸುಮ್ನ ಒರಸ್ಕೋ!" ಎಂದವಳು, ಅವನು ಕಣ್ಣು ತಿಕ್ಕಿಕೊಳ್ಳುವುದನ್ನು ನೋಡಿ ಸೀರೆಯ ಸೆರಗನ್ನೂ ನೀರಿನ ಬಾಟಲಿಯನ್ನೂ ಮುಂದೆ ಮಾಡಿದಳು. ಜಮಖಂಡಿ ಬರುವುದರೊಳಗೆ ಅವನ ತಾಯಿಯ ಮಂಡಿನೋವಿನವರೆಗೆ ಮಾತು ಹೋಗಿತ್ತು.

ಎರಡು ವಾರ ತುಂಬಿದ ಮೇಲೆ ಸೀನು ಇಳಿಯಿತು. ಹನ್ನೆರಡಿದ್ದದ್ದು ಐದಕ್ಕೆ, ಐದು ಎರಡಕ್ಕೆ, ಆಮೇಲೆ ಕೆಲವು ದಿನ ಇಲ್ಲವೇ ಇಲ್ಲ. ಓಣಿಯವರು ಗಾಬರಿಯಾದರು. ಶಕುನ ನೋಡುವುದು ಹೇಗೆ? ಎದುರು ಮನೆಯ ಮಾಸ್ತರರು, "ಅಕ್ಕಾರ, ನಾಳಿ ನನ್ನ ಇನ್ಸ್‌ಪೆಕ್ಷನ್ ಐತಿ, ಎರಡರ ಸೀನ್ರಿ" ಎಂದು ಕೇಳಿಕೊಂಡರು! ಇನ್ನು ಕೆಲವರು ಪಿಚಕಾರಿಯನ್ನೇ ಕೇಳಲು ಬಂದರು. ಒಬ್ಬನಿಗೆ ತಲೆಶೂಲೆಗೆ ಬೇಕಿತ್ತು. ಇನ್ನೊಬ್ಬ ತನ್ನ ಎಮ್ಮೆಗೆ ನೆಗಡಿ ಎಂದ. ಚಿಗವ್ವ ಯಾರಿಗೂ ಕೊಡಲಿಲ್ಲ. "ಒಬ್ಬರ ಮೂಗಿಂದು ಒಬ್ಬರ ಮೂಗಿಗೆ ಹಾಕಬಾರದಂತ. ಡಾಕ್ಟರ್ ಕಡೆ ಚೀಟಿ ಬರಸ್ಕೊಂಡ ಬರ್ರಿ. ಎಮ್ಮಿನೂ ಕರಕೊಂಡ ಹೋಗ್ರಿ" ಎಂದಳು.

ಒಂದು ತಿಂಗಳಾಗಿ ಎರಡನೆಯ ಬಾಟಲಿ ಸುರುವಾಯಿತು. ಎರಡು ಮೂರು ದಿನಕ್ಕೆ ಚಿಗವ್ವ ಉರಿಯುತ್ತ ಜಮಖಂಡಿಗೆ ಬಂದಳು. ಒಂದು ಕೈಯಲ್ಲಿ ಖಾಲಿ ಬಾಟಲಿ, ಇನ್ನೊಂದರಲ್ಲಿ ಹೊಸದು.

"ನಡಿ ಅಂಗಡಿಗೆ. ಡುಪ್ಲಿಕೇಟ್ ಕೊಟ್ಟಾನ ಅವ!"

"ಹೆಂಗ ಗೊತ್ತಾತು?"

"ಮೊದಲಿಂದಕ್ಕ ವಾಸನಿನ ಇರಲಿಲ್ಲ. ಇದು ನೋಡಿದ್ರ ಗುಲಾಬಿ ಹೂವಿನಂಗ ಘಮ್ ಅಂತೈತಿ. ಅತ್ತರ ತುಂಬ್ಯಾನ!"

ಔಷಧ ಅಂಗಡಿಯವನು ಪಾಪ, ಕಟ್ಟೆಯ ಮುಂದೆ ಜನ ಸೇರುವವರೆಗೆ ಬೈಸಿಕೊಂಡ. ಆಮೇಲೆ ಎರಡೂ ಬಾಟಲಿಗಳ ಮೇಲಿನ ಹೆಸರು ನನ್ನಿಂದ ಓದಿಸಿದ. ಒಂದೇ ಹೆಸರು. ಖಾಲಿ ಬಾಟಲಿಯ ಮೂತಿಯನ್ನು ಚಿಗವ್ವನ ಮೂಗಿನ ಹತ್ತಿರ ಹಿಡಿದು, "ಈಗ ನೋಡ್ರಿ" ಎಂದ.

ಅವಳು ಮೂಸಿದಳು. ಮತ್ತೊಮ್ಮೆ ಮೂಸಿದಳು. ಅದಕ್ಕೂ ಗುಲಾಬಿಯ ಘಮ!

"ಔಷಧಾ ಅದ ಐತ್ರಿ ಅವ್ವಾರ" ಎಂದ ಅವನು. "ಮೂಗು ಬ್ಯಾರೆ ಆಗೇತಿ."

ಬೈಯಲು ಬಂದವಳು ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟಳು. ಮುಖ ಅರಳಿತ್ತು. ಅಲ್ಲಿಂದ ಸುರುವಾಯಿತು ನೋಡಿ ಹೊಸ ಹುಚ್ಚು! ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಪೇರಲ ಹಣ್ಣು ಮೂಸಿದಳು, ಕೊತ್ತಂಬರಿ ಮೂಸಿದಳು, ಭಜಿ ಕರಿಯುವವನ ಮುಂದೆ ಕೊಳ್ಳದೆ ಅರ್ಧ ಗಂಟೆ ನಿಂತಳು. ಬೀಳಗಿಗೆ ಹೋದ ಮೇಲೆ ಗಿರಣಿಗೆ ಬಂದ ಒಬ್ಬೊಬ್ಬರ ಡಬ್ಬಿ ತೆರೆದು, "ಇದು ಹೊಸ ಜ್ವಾಳ", "ಇದು ನೆಲದಾಗಿನ ಹಗೇವಿಂದು", "ನಿನ್ನ ಗೋದಿ ಬಿಸಲಿಗೆ ಹಾಕು" ಎಂದು ತೀರ್ಪು ಕೊಟ್ಟಳು. ಗಟಾರದ ವಾಸನೆಯೂ ಬಂತಲ್ಲ. ಪಂಚಾಯತಿಗೆ ಹೋಗಿ ಜಗಳ ತೆಗೆದು ಅದಕ್ಕೆ ಹಾಸುಗಲ್ಲು ಮುಚ್ಚಿಸಿದಳು. "ಇಷ್ಟ ದಿನಾ ನೀವೆಲ್ಲಾ ಹೆಂಗ ತಡಕೊಂಡ್ರಿ?" ಎಂದು ಓಣಿಯವರನ್ನೇ ಬೈದಳು.

ಒಂದು ಭಾನುವಾರ ನಾನು ಬೀಳಗಿಯಲ್ಲಿದ್ದೆ. ಗಿರಣಿಗೆ ರಜೆ. ಕಟ್ಟೆಯ ಮೇಲೆ ಕಾಕಾ ಯಂತ್ರದ ಹರಿದ ಬೆಲ್ಟು ಹೊಲಿಯುತ್ತಿದ್ದರು, ಚಿಗವ್ವ ಗೋಧಿ ಹಸನು ಮಾಡುತ್ತಿದ್ದಳು. ಒಮ್ಮೆಲೆ ಅವಳ ಮೂಗು ಮೇಲೆದ್ದಿತು.

"ಯಾರ ಮನ್ಯಾಗೋ ಬ್ಯಾಳಿ ತಳಾ ಹತ್ತೇತಿ! ಒಲಿ ಮ್ಯಾಲ ಇಟ್ಟದ್ದರ ಖಬರ ಬ್ಯಾಡ ಹೆಂಗಸಿಗೆ?" ಎಂದು ಪಕ್ಕದ ಮನೆಗೆ ಕೇಳುವಂತೆ ಕೂಗಿದಳು.

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ ನಕ್ಕಳು. "ನಿಮ್ಮ ಮನ್ಯಾಂದ ಬರಾಕತ್ತೈತ್ರಿ ಅಕ್ಕಾರ. ದಿನಾ ಬರೂದ ಬಿಡ್ರಿ."

ಚಿಗವ್ವ ಒಳಗೆ ಓಡಿ ಪಾತ್ರೆ ಇಳಿಸಿದಳು. ಹೊರಗೆ ಬಂದವಳು ಕೂಡಲಿಲ್ಲ. ಕಾಕಾನ ಎದುರಿಗೆ ನಿಂತಳು.

"ರೀ, ದಿನಾ ಅಂದ್ಲಲ್ಲ ಆಕಿ. ಖರೇ ಏನು?"

ಕಾಕಾ ತಲೆ ಎತ್ತಲಿಲ್ಲ. "ದಿನಾ ಏನಲ್ಲ. ಆಗಾಗ."

"ಎಷ್ಟ ವರ್ಷ ಹಿಂಗ ಹೊತ್ತಿದ್ದ ಉಂಡ್ರಿ?"

"ಯಾಂವ ಲೆಕ್ಕ ಇಟ್ಟಾನ?"

"ಹೇಳಾಕ ಬಾಯಿ ಇರಲಿಲ್ಲೇನು?"

ಕಾಕಾ ದಬ್ಬಣ ಕೆಳಗಿಟ್ಟರು. ನನಗೆ ತಿಳಿದಂತೆ ಅದು ಅವರ ಜೀವಮಾನದ ದೊಡ್ಡ ಭಾಷಣ. "ನೀ ಏನ ಬೇಕಂತ ಹೊತ್ತಿಸ್ತಿದ್ದೇನು? ಗಿರಣಿ ಬಿಡು ಅಂತ ಆ ಡಾಕ್ಟರು ಅಂದಾಗ ಎರಡ ದಿನಾ ನೀ ತುತ್ತ ಎತ್ತಿರಲಿಲ್ಲ. ಇದೂ ಹೇಳಿದ್ರ ಇದೊಂದ ಚಿಂತಿ ಹಚ್ಕೋತಿದ್ದಿ. ಬ್ಯಾಳಿ ಹೊತ್ತಿದ್ರ ಏನಾತು? ಹೊಟ್ಟಿ ತುಂಬತಿತ್ತಲ್ಲ."

ಚಿಗವ್ವ ಒಳಗೆ ಹೋಗಿ ಬೇರೆ ಬೇಳೆ ಒಲೆಗೆ ಹಾಕಿ, ಅದು ಬೇಯುವವರೆಗೆ ಪಾತ್ರೆಯ ಮುಂದಿಂದ ಅಲುಗಲಿಲ್ಲ. ಗಂಡನ ತಟ್ಟೆಗೆ ತಾನೇ ಬಡಿಸಿ ಎದುರಿಗೆ ಕೂತಳು.

"ಛಲೋ ಆಗೇತಿ" ಎಂದರು ಕಾಕಾ.

"ಮತ್ತ ಸುಳ್ಳ ಹೇಳಾಕತ್ತೀರೇನು?"

"ಇಲ್ಲ. ಇದು ಖರೇನ ಛಲೋ ಆಗೇತಿ."

ಊಟವಾಯಿತು. ಕಾಕಾ ಮತ್ತೆ ಬೆಲ್ಟು ಹಿಡಿದು ಕಟ್ಟೆಗೆ ಹೋದರು. ನಾನು ಹಿತ್ತಲಲ್ಲಿ ತಟ್ಟೆಗಳನ್ನು ತೊಳೆದು ಒಳಗೆ ಬಂದರೆ, ಚಿಗವ್ವ ಗೂಟಕ್ಕೆ ತೂಗಿದ್ದ ಕಾಕಾನ ಗಿರಣಿಯ ಅಂಗಿಯನ್ನು ಕೈಗೆ ತೆಗೆದುಕೊಂಡಿದ್ದಳು. ಹಿಟ್ಟು ಮೆತ್ತಿ ಬೆಳ್ಳಗಾಗಿದ್ದ, ಕಾಲರಿಗೆ ಯಂತ್ರದ ಎಣ್ಣೆ ಹತ್ತಿದ್ದ ಅಂಗಿ. ಅದನ್ನು ಎರಡೂ ಕೈಯಿಂದ ಮುಖಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿ, ಉಸಿರು ಎಳೆದುಕೊಳ್ಳುತ್ತ ನಿಂತಿದ್ದಳು. ನಾನು ಬಂದದ್ದು ಅವಳಿಗೆ ತಿಳಿಯಲೇ ಇಲ್ಲ.

ತಟ್ಟೆಯ ಸದ್ದಾಯಿತು. ಅವಳು ಬೆಚ್ಚಿ ಅಂಗಿ ಕೆಳಗಿಳಿಸಿದಳು. ಮೂಗಿನ ತುದಿಗೆ ಹಿಟ್ಟು ಹತ್ತಿತ್ತು, ಕಣ್ಣಿನ ಕೆಳಗೆ ಹಿಟ್ಟು ಒದ್ದೆಯಾಗಿತ್ತು.

"ಒಗಿಯಾಕ ಬಂದೈತೋ ಏನೋ ಅಂತ ನೋಡಾಕತ್ತಿದ್ದೆ" ಎಂದಳು.

"ಬಂದೈತೇನು ಚಿಗವ್ವಾ?"

"ಇಲ್ಲ ಬಿಡು. ಇನ್ನೂ ಎರಡ ದಿನಾ ಇರಲಿ" ಎಂದು ಅಂಗಿಯನ್ನು ಝಾಡಿಸದೆ, ಹಾಗೇ ಮೆಲ್ಲಗೆ ಗೂಟಕ್ಕೆ ತೂಗುಹಾಕಿದಳು.