ಕೆಸರು ಕೂಗಿದ ದಿನ

ಮಂಚದ ಕೆಳಗೆ ಒಂದು ಜಾಡಿ ಕೆಸರನ್ನು ಬಚ್ಚಿಟ್ಟುಕೊಂಡವನು ನೆಮ್ಮದಿಯಿಂದ ಹಲ್ಲುಜ್ಜಬಹುದು ಎಂದುಕೊಂಡಿದ್ದೇ ಸಂಶೋಧನಾ ಸಹಾಯಕನ ತಪ್ಪು. ಬಾಯಿ ತುಂಬ ನೊರೆ ಇರುವಾಗಲೇ ಎಲ್ಲಿಂದಲೋ ‘ಕುಂಯ್’ ಎಂದಿತು. ನಾಯಿಮರಿಯನ್ನು ಒಳಗೆ ಬಿಟ್ಟು ಗೋಡೆ ಕಟ್ಟಿದರೆ ಹೇಗೆ ಕೇಳಿಸೀತೋ ಹಾಗಿತ್ತು ಆ ದನಿ.

ಅದು ಅಂಥಿಂಥ ಕೆಸರಲ್ಲ. ಅದರಲ್ಲಿದ್ದ ಕಣ್ಣಿಗೆ ಕಾಣದ ಜೀವಿಗಳು ಹಾಕಿದ್ದನ್ನು ತಿಂದು ಚೂರುಪಾರು ವಿದ್ಯುತ್ತು ಕೊಡುತ್ತಿದ್ದವು. ಜಾಡಿಗೆ ಅಂಟಿಸಿದ್ದ ಪುಟ್ಟ ಪೆಟ್ಟಿಗೆ ಆ ವಿದ್ಯುತ್ತನ್ನು, ದಿನವೂ ಹಾಲಿನ ಕೆನೆ ತೆಗೆದು ಕೂಡಿಡುವವರ ಹಾಗೆ, ಚೂರುಚೂರೇ ಕೂಡಿಡುತ್ತಿತ್ತು. ತುಂಬಿದಾಗ ಒಮ್ಮೆ ‘ಕುಂಯ್’ ಎಂದು ಕೂಗಿ ಖಾಲಿಯಾಗುತ್ತಿತ್ತು. ಮಕ್ಕಳು ಹಸಿದಾಗ ಅಳುತ್ತವೆ, ಇವುಗಳದ್ದು ತಿರುಗಾಮುರುಗಾ. ಹೊಟ್ಟೆ ತುಂಬಿದಷ್ಟೂ ಕೂಗು ಹೆಚ್ಚು.

ಪ್ರಯೋಗಾಲಯದ ಥಂಡಿ ಕೋಣೆಯಲ್ಲಿ ಜಾಡಿ ಕೂಗುವುದನ್ನೇ ನಿಲ್ಲಿಸಿತ್ತು. ಇವತ್ತು ಸಂಜೆ ಸಂಸ್ಥೆಯ ಹಿರಿಯರು ಅದನ್ನು ನೋಡಲು ಬರುವವರಿದ್ದರು. ಅವರೆದುರು ಅದು ಕೂಗದೆ ಹೋದರೆ ನಾಳೆಯಿಂದ ನಿನಗೆ ಕೆಲಸವಿಲ್ಲ ಎಂದು ಪ್ರಯೋಗಾಲಯ ನಡೆಸುವ ಮೇಡಂ ಮೊದಲೇ ಹೇಳಿಬಿಟ್ಟಿದ್ದರು. ಅದಕ್ಕೇ ಬೆಚ್ಚಗಿರಲಿ ಎಂದು ಯಾರಿಗೂ ಹೇಳದೆ ಬಾಡಿಗೆ ರೂಮಿಗೆ ತಂದು, ಸಕ್ಕರೆ ನೀರು ಕುಡಿಸಿ, ಮಂಚದ ಕೆಳಗೆ ಮಲಗಿಸಿದ್ದ. ಇತ್ತ ಮನೆಯ ಯಜಮಾನಿ, ರೂಮಿನಲ್ಲಿ ಕೆಸರು ಕಂಡರೆ ನೀನೂ ನಿನ್ನ ಹಾಸಿಗೆಯೂ ಬೀದಿಗೆ ಎಂದು ಸೇರಿಸಿಕೊಳ್ಳುವಾಗಲೇ ಎಚ್ಚರಿಸಿದ್ದಳು. ಅಂತೂ ಜಾಡಿ ಸಂಜೆ ಅಲ್ಲಿ ಕೂಗಲೇಬೇಕಿತ್ತು, ಅಲ್ಲಿಯವರೆಗೆ ಇಲ್ಲಿ ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಬಾಯಿ ಮುಕ್ಕಳಿಸಿ ಹೊರಗೆ ಬಂದರೆ ಮನೆಯವರೆಲ್ಲ ಮೆಟ್ಟಿಲ ಮೇಲೆ ನೆರೆದಿದ್ದರು. ಎದುರು ರೂಮಿನ ಟೈಲರು, ದನಿ ಕೇಳಿದ ಕ್ಷಣವೇ ತನ್ನ ಹೊಲಿಗೆ ಮಷೀನು ತಾನಾಗಿ ನಿಂತುಹೋಯಿತು ಎನ್ನುತ್ತಿದ್ದ. ಮಹಡಿಯ ರಿಟೈರಾದ ನರ್ಸಮ್ಮ, ಆಸ್ಪತ್ರೆಯಲ್ಲಿ ಕೊನೆಯ ಮಂಚದ ಹತ್ತಿರ ಇಂಥದ್ದೇ ದನಿ ಕೇಳಿದ್ದೇನೆ, ಆಮೇಲೆ ಏನಾಗುತ್ತಿತ್ತು ಎಂದು ಬಾಯಿ ಬಿಟ್ಟು ಹೇಳಬಾರದು ಎಂದವರು, ಒಂದೂ ಬಿಡದೆ ಹೇಳಿ ಮುಗಿಸಿದರು.

ಅದನ್ನು ಯಜಮಾನಿಯ ಮುದಿ ಅತ್ತೆ ಮೇಲಿನ ಕೋಣೆಯಲ್ಲಿ ಮಂಚದ ಮೇಲೆ ಮಲಗಿದ್ದಲ್ಲಿಂದಲೇ ಕೇಳಿಸಿಕೊಂಡರು. ಬಾಯಿಗೆ ಹೋಗುತ್ತಿದ್ದ ಚಮಚ ಕೆಳಗಿಟ್ಟರು.

“ನನ್ನ ಕರೀತಾ ಇದೆ ಕಣೇ,” ಎಂದರು ಸೊಸೆಗೆ. “ಹೊರಟು ನಿಂತೋರಿಗೆ ಊಟ ಯಾಕೆ, ದಂಡ.”

ಆಮೇಲೆ ತಮ್ಮ ಟ್ರಂಕು ತರಿಸಿ ಒಳಗಿದ್ದದ್ದನ್ನೆಲ್ಲ ಹಂಚಲು ಶುರು ಮಾಡಿದರು. ನರ್ಸಮ್ಮನಿಗೆ ಶಾಲು ಸಿಕ್ಕಿತು. ಟೈಲರಿಗೆ ಕನ್ನಡಕ ಸಿಕ್ಕಿತು. ಹಾಕಿಕೊಂಡು ನೋಡಿ, ಸೂಜಿಯ ಕಣ್ಣು ಈಗ ಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ದುಃಖದಲ್ಲೂ ಸ್ವಲ್ಪ ಸಂತೋಷಪಟ್ಟ.

ಯಜಮಾನಿ ಸಹಾಯಕನ ಕಡೆ ತಿರುಗಿದಳು. “ನೀವು ಸೈನ್ಸ್ ಓದಿದೋರು. ಅದೇನು ಅಂತ ಹುಡುಕಿ ಕೊಡಿ. ಇಲ್ಲದಿದ್ರೆ ಇವರು ನಿಜವಾಗ್ಲೂ ಹೊರಟುಬಿಡ್ತಾರೆ.”

ಹೀಗೆ ಕಳ್ಳನ ಕೈಗೇ ಲಾಟೀನು ಬಂತು. ಅವನು ಮುಂದೆ, ಮನೆಯವರೆಲ್ಲ ಹಿಂದೆ. ಟೈಲರನ ಚಿಂದಿಬಟ್ಟೆಯ ಬುಟ್ಟಿ, ನರ್ಸಮ್ಮನ ಔಷಧದ ಡಬ್ಬಿ, ಅಟ್ಟ, ನೀರಿನ ತೊಟ್ಟಿ, ತನ್ನ ರೂಮೊಂದನ್ನು ಬಿಟ್ಟು ಎಲ್ಲವನ್ನೂ ಶ್ರದ್ಧೆಯಿಂದ ಹುಡುಕಿದ. ಎಲ್ಲೂ ಏನೂ ಇಲ್ಲ. ಆದರೆ ಆಗಾಗ ‘ಕುಂಯ್’. ಕೂಗಿದಾಗಲೆಲ್ಲ ಟೈಲರು ನರ್ಸಮ್ಮನ ಕೈ ಹಿಡಿದುಕೊಳ್ಳುತ್ತಿದ್ದ, ಆಮೇಲೆ ಕ್ಷಮೆ ಕೇಳುತ್ತಿದ್ದ.

ಏನೋ ನೆಪ ಹೇಳಿ ಸಹಾಯಕ ರೂಮಿಗೆ ಓಡಿದ. ದನಿ ಅಡಗಲಿ ಎಂದು ಜಾಡಿಗೆ ರಜಾಯಿ ಸುತ್ತಿದ. ಕುಂಯ್. ಅಯ್ಯೋ, ಬೆಚ್ಚಗಾದಷ್ಟೂ ಇವಕ್ಕೆ ಉಮೇದು ಎಂದು ನೆನಪಾಗಿ ರಜಾಯಿ ಕಿತ್ತ. ಕುಂಯ್. ಕೊನೆಗೆ ಎದೆ ಗಟ್ಟಿ ಮಾಡಿಕೊಂಡು ಮುಚ್ಚಳ ತೆಗೆದ. ಗಾಳಿ ತಾಗಿದರೆ ಈ ಜೀವಿಗಳು ಕೆಲಸ ಬಿಟ್ಟು ಕೂರುತ್ತವೆ ಎಂದು ಅವನೇ ವರದಿಯಲ್ಲಿ ಬರೆದಿದ್ದ.

ಮುಚ್ಚಳ ತೆಗೆದು ಎಷ್ಟು ಹೊತ್ತಾದರೂ ದನಿ ನಿಲ್ಲಲಿಲ್ಲ. ಕಿವಿಯನ್ನು ಜಾಡಿಗೆ ಒತ್ತಿ ಹಿಡಿದ. ಜಾಡಿ ತಣ್ಣಗಿತ್ತು, ಮೌನವಾಗಿತ್ತು. ಕುಂಯ್ ಎಂದದ್ದು ಅವನ ಬೆನ್ನ ಹಿಂದೆ. ತಿರುಗಿ ಕೂತ. ಮತ್ತೆ ಬೆನ್ನ ಹಿಂದೆಯೇ. ಹಗಲು ಹೊತ್ತು, ಕಿಟಕಿಯಲ್ಲಿ ಚೆನ್ನಾಗಿ ಬಿಸಿಲಿತ್ತು, ಆದರೂ ತೋಳಿನ ಕೂದಲು ಒಂದೊಂದಾಗಿ ಎದ್ದು ನಿಂತವು.

ಮಧ್ಯಾಹ್ನದ ಹೊತ್ತಿಗೆ ಯಜಮಾನಿ ಹಾಲಿನ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಬಾಡಿಗೆದಾರರೆಲ್ಲ ಹೆದರುತ್ತಿದ್ದ ಹೆಂಗಸು, ಮುಂಗೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಬೆಳಗ್ಗಿಂದ ಒಂದು ತೊಟ್ಟು ನೀರೂ ಒಳಗೆ ಹೋಗಿಲ್ಲ,” ಎಂದಳು. “ಇಷ್ಟು ವರ್ಷ ಕಿತ್ತಾಡಿದ್ದೀವಿ. ಈಗ ನೋಡಿದ್ರೆ ಬೈಯೋದೂ ಬಿಟ್ಟಿದ್ದಾರೆ.”

ದನಿ ಜಾಡಿಯದೇ ಹೌದೋ ಅಲ್ಲವೋ, ಅವನಿಗೆ ತಡೆಯಲಾಗಲಿಲ್ಲ. ರೂಮಿಗೆ ಹೋಗಿ ಜಾಡಿಯನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದು ಅಜ್ಜಿಯ ಮುಂದೆ ಇಟ್ಟ. ಕೆಸರು, ಜೀವಿಗಳು, ಸಕ್ಕರೆ ನೀರು, ಎಲ್ಲವನ್ನೂ ಒಪ್ಪಿಕೊಂಡ. ಅಜ್ಜಿ ಬಗ್ಗಿ ನೋಡಿದರು. ಅವರಿಗೆ ಕೊಂಚ ಅವಮಾನವಾದಂತಿತ್ತು.

“ನನ್ನ ಕರಕೊಂಡು ಹೋಗೋಕೆ ಇದಾ ಬಂದಿದ್ದು?” ಎಂದು ಹಾಲಿಗೆ ಕೈ ಚಾಚಿದರು.

ಲೋಟ ಖಾಲಿಯಾಗುವವರೆಗೆ ಕಾದ ಯಜಮಾನಿ, ಆಮೇಲೆ ಬೆರಳಿನಿಂದ ಕೆಳಗಿನ ಬಚ್ಚಲನ್ನು ತೋರಿಸಿದಳು. ಸಂಜೆಯವರೆಗಾದರೂ ಬಿಡಿ, ಕೆಲಸದ ಪ್ರಶ್ನೆ ಎಂದು ಅವನು ಬೇಡಿಕೊಂಡ. ಬೆರಳು ಕದಲಲಿಲ್ಲ. ಎಲ್ಲರೂ ನೋಡುತ್ತಿರುವಂತೆ ತನ್ನ ಉದ್ಯೋಗವನ್ನು ಬಚ್ಚಲಿಗೆ ಸುರಿದು ಎರಡು ಚೊಂಬು ನೀರು ಹಾಕಿದ. ಮನೆ ನಿಶ್ಶಬ್ದವಾಯಿತು. ಟೈಲರು ನಕ್ಕ.

ಕುಂಯ್.

ಎಲ್ಲರೂ ಜಾಡಿಯನ್ನು ನೋಡಿದರು. ಅದು ಖಾಲಿಯಾಗಿತ್ತು. ಸಹಾಯಕ ಅದನ್ನು ತಿರುಗಿಸಿದ. ಪೆಟ್ಟಿಗೆಯ ತಂತಿ ತುಂಡಾಗಿ ನೇತಾಡುತ್ತಿತ್ತು. ಚೀಲದಲ್ಲಿ ತುರುಕಿ ತರುವಾಗಲೇ ಕಿತ್ತುಹೋಗಿರಬೇಕು. ಅಂದರೆ ಈ ಮನೆಗೆ ಬಂದಮೇಲೆ ಜಾಡಿ ಒಂದು ಸಲವೂ ಕೂಗಿರಲಿಲ್ಲ.

ಕುಂಯ್. ಕುಂಯ್. ಈಗ ಬೇಗಬೇಗ. ಬಚ್ಚಲಿನ ನೆಲದ ಅಡಿಯಿಂದ.

ಅವನ ಮುಖ ಸುಣ್ಣದಂತಾಯಿತು. ಇನ್ನೊಂದನ್ನೂ ಒಪ್ಪಿಕೊಳ್ಳಬೇಕಾಯಿತು. ಹೋದ ತಿಂಗಳು ಪ್ರಯೋಗಾಲಯದಲ್ಲಿ ಇನ್ನೊಂದು ಜಾಡಿ ಸತ್ತಿತೆಂದು ಮೇಡಂ ಬಿಸಾಡಲು ಹೇಳಿದ್ದರು. ದೂರ ಹೋಗಲು ಸೋಮಾರಿತನ. ತಂತಿ, ಪೆಟ್ಟಿಗೆ ಸಮೇತ ಆ ಕೆಸರನ್ನು ಈ ಬಚ್ಚಲಿನ ಕೆಳಗಿನ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಸರಿಸಿ ಒಳಗೆ ಬಿಟ್ಟಿದ್ದ. ಅಲ್ಲಿ ಅದು ಸತ್ತಿರಲಿಲ್ಲ. ಇಡೀ ಮನೆ ಬಿಟ್ಟದ್ದನ್ನೆಲ್ಲ ತಿಂಗಳಿಡೀ ತಿಂದು, ಇವತ್ತಿಗೆ ಕೂಗುವಷ್ಟು ಬೆಳೆದಿತ್ತು. ಈಗ ಅವನೇ ಕೈಯಾರೆ ಮತ್ತೊಂದು ಜಾಡಿ ಬಡಿಸಿದ್ದ.

ಇದನ್ನೆಲ್ಲ ಕೇಳಿದ ಅಜ್ಜಿ ಮೇಲಿನಿಂದ ನಿಧಾನವಾಗಿ ಹೇಳಿದರು: “ಹಾಗಾದ್ರೆ ಅದು ಕರೀತಿದ್ದದ್ದು ನನ್ನನ್ನಲ್ಲ. ಬಿಸಾಕಿ ಹೋದೋನನ್ನ.”

ಟೈಲರು ಬಚ್ಚಲಿನಿಂದ ಎರಡು ಹೆಜ್ಜೆ ಹಿಂದೆ ಸರಿದ.

ಬೇರೆ ದಾರಿ ಕಾಣದೆ ಅವನು ಮೇಡಂಗೆ ಫೋನು ಮಾಡಿ ನಿಜ ಹೇಳಿದ. ಅವರು ಬೈಯಲಿಲ್ಲ, ಸಂಜೆ ಹಿರಿಯರನ್ನು ಕರೆದುಕೊಂಡು ಮನೆಗೇ ಬಂದರು. ಇಸ್ತ್ರಿ ಮಾಡಿದ ಅಂಗಿಯ ದೊಡ್ಡ ಮನುಷ್ಯರು ಬಚ್ಚಲಲ್ಲಿ ಸಾಲಾಗಿ ನಿಂತು ಕಣ್ಣು ಮುಚ್ಚಿ ಕೇಳಿದರು. ಪ್ರಯೋಗಾಲಯದಲ್ಲಿ ಬದುಕದೇ ಹೋದದ್ದು ಇಲ್ಲಿ ಬದುಕಿದೆಯಲ್ಲ ಎಂದು ಬೆರಗಾದರು. ನಮ್ಮ ಮನೆಯಲ್ಲಿ ಊಟಕ್ಕೆ ಯಾವತ್ತೂ ಕಡಿಮೆ ಮಾಡಿಲ್ಲ ಎಂದು ಯಜಮಾನಿ ಬೀಗಿದಳು. ಬಚ್ಚಲಿನ ಪಕ್ಕದ ರೂಮು, ಅಂದರೆ ಸಹಾಯಕನದೇ ರೂಮು, ಸಲಕರಣೆಗಳಿಗೆ ಬೇಕು ಎಂದು ಅವರೆಂದರು, ಅದು ಈಗಲೇ ಖಾಲಿ ಎಂದು ಇವಳೆಂದಳು. ಟ್ಯಾಂಕು ತನ್ನ ಪಾಡಿಗೆ ತಾನು ತಿನ್ನುತ್ತದೆ, ಆದ್ದರಿಂದ ಸಹಾಯಕನ ಅಗತ್ಯವೂ ಇಲ್ಲ ಎಂದು ಮೇಡಂ ಬೇಸರದಿಂದಲೇ ತಿಳಿಸಿದರು.

ಅವನು ಹಾಸಿಗೆ ಸುತ್ತಿ ಹೆಗಲಿಗೇರಿಸಿ ಹೊರಟ. ಹೊಸಿಲು ದಾಟಿದ. ದನಿ ನಿಂತಿತು.

ಕಾದರು. ಟೈಲರು ಕೊಡದಲ್ಲಿ ನೀರು ತಂದು ಸುರಿದ. ಯಜಮಾನಿ ಸಕ್ಕರೆ ಹಾಕಿದಳು. ಏನಿಲ್ಲ. ಹಿರಿಯರು ಮೇಡಂ ಮುಖ ನೋಡಿದರು. ಅಷ್ಟರಲ್ಲಿ ಮರೆತ ಚಪ್ಪಲಿಗಾಗಿ ಸಹಾಯಕ ವಾಪಸು ಬಂದ. ಒಳಗೆ ಕಾಲಿಟ್ಟನೋ ಇಲ್ಲವೋ, ಕುಂಯ್.

ಹೊರಗೆ ಕಳಿಸಿದರು, ನಿಂತಿತು. ಒಳಗೆ ಕರೆದರು, ಕೂಗಿತು. ಬಾವಿಯ ಕೊಡದ ಹಾಗೆ ಅವನನ್ನು ಒಳಗೂ ಹೊರಗೂ ಆಡಿಸಿದರು. ಇದಕ್ಕೊಂದು ವೈಜ್ಞಾನಿಕ ಕಾರಣ ಇದ್ದೇ ಇರುತ್ತದೆ ಎಂದು ಮೇಡಂ ಹೇಳಿದರು, ಆದರೆ ಪಿಸುಮಾತಿನಲ್ಲಿ. ಅದು ಸಿಗುವವರೆಗೆ ಇವನು ಮನೆ ಬಿಟ್ಟು ಹೋಗಕೂಡದು, ಕೆಲಸ ಖಾಯಂ ಎಂದು ಅಲ್ಲೇ ತೀರ್ಮಾನವಾಯಿತು. ರೂಮು ಆಗಲೇ ಸಲಕರಣೆಗಳ ಪಾಲಾಗಿತ್ತು. ಹಾಗಾಗಿ ಅವನ ಮಂಚವನ್ನು ಹೊತ್ತು ಬಚ್ಚಲಿಗೆ ತಂದರು. ಅಜ್ಜಿ ಮೇಲಿನಿಂದ ಒಂದು ದಿಂಬು ಕಳಿಸಿದರು.

ಎಲ್ಲರೂ ತುದಿಗಾಲಲ್ಲಿ ಹೊರಗೆ ಹೋದರು. ಮಗು ಮಲಗುವ ಕೋಣೆಯ ಬಾಗಿಲನ್ನು ಎಳೆದುಕೊಳ್ಳುವ ಹಾಗೆ, ಸದ್ದಾಗದಂತೆ, ಯಜಮಾನಿ ಬಾಗಿಲು ಎಳೆದುಕೊಂಡಳು.

ಸ್ವಲ್ಪ ಹೊತ್ತಿಗೆ ಮಂಚದ ನೇರ ಕೆಳಗೆ, ಬಲು ಮೆಲ್ಲಗೆ, ಕುಂಯ್ ಎಂದಿತು.

“ಇಲ್ಲೇ ಇದ್ದೀನಿ, ಮಲಕ್ಕೋ,” ಎಂದ ಅವನು. ಅಂದದ್ದು ತಾನೇ ಎಂದು ಅರಿವಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.